ಆರು ಪರದೆಗಳ ಮೇಲೆ ಒಂದೇ ಹೆಸರು

ಅಕ್ಕನ ಪ್ರೋಗ್ರಾಮು ಇಡೀ ಕಂಪ್ಯೂಟರನ್ನೇ ತಿನ್ನುತ್ತಿತ್ತು, ಅಕ್ಕ ಹೋದರು, ಕಂಪ್ಯೂಟರು ಚುರುಕಾಯಿತು. ಮಣಿಪಾಲದಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಹೊಸಬರಿಗೆ ಹೇಳುವ ಕಥೆ ಇವತ್ತಿಗೂ ಇಷ್ಟೇ. ಹೇಳುವವರ ದನಿಯಲ್ಲಿ ದ್ವೇಷವಿಲ್ಲ, ಸ್ವಲ್ಪ ಮರುಕವೇ ಉಂಟು. "ಪಾಪ, ಒಳ್ಳೆಯವರೇ. ಆದರೆ ಅಳತೆ ಮಾಡಿ ನೋಡಿದ್ದಲ್ವಾ?" ಎಂದು ಮಾತು ಮುಗಿಸುತ್ತಾರೆ.

ಅಳತೆ ಮಾಡಿದ್ದು ನಾನು. ಹಾಗಾಗಿ ತಕರಾರು ಎತ್ತುವ ಹಕ್ಕು ನನಗೆ ಉಳಿದವರಿಗಿಂತ ಹೆಚ್ಚು.

ಈ ಕಥೆಯಲ್ಲಿ ಸುಳ್ಳು ಎಲ್ಲಿ ಉಂಟು ಎಂದು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ಅಳತೆಯಲ್ಲಿ ಅಕ್ಕನ ಹೆಸರೇ ಎಲ್ಲರಿಗಿಂತ ಮೇಲೆ ಬಂದದ್ದು ನಿಜ. ಅವರು ಹೋದ ಮೇಲೆ ಯಂತ್ರ ಚುರುಕಾದದ್ದೂ ನಿಜ. ಎರಡನ್ನೂ ನಾನು ಕಣ್ಣಾರೆ ಕಂಡವನು. ಆದರೆ ಎರಡು ನಿಜಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದ ಮಾತ್ರಕ್ಕೆ ಅವುಗಳಿಗೆ ಸಂಬಂಧ ಹುಟ್ಟಿಬಿಡುತ್ತದೆಯೆ?

ವಾದ ಮಾಡುವುದು ನನಗೆ ಮನೆಯಿಂದಲೇ ಬಂದದ್ದು. ಕಾಪುವಿನಲ್ಲಿ ನನ್ನ ಸೋದರಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲ, ಬಣ್ಣವಿಲ್ಲ, ಪಂಚೆ ಉಟ್ಟು ಕೂತುಕೊಂಡೇ ಒಬ್ಬರು ಕರ್ಣನಾಗುವುದು, ಎದುರಿನವರು ಕೃಷ್ಣನಾಗುವುದು, ಗಂಟೆಗಟ್ಟಲೆ ಮಾತಿನಲ್ಲೇ ಯುದ್ಧ. ಮಾವ ನನಗೆ ಕಲಿಸಿದ್ದು ಒಂದೇ: ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ನೀನೇ ಹೇಳಿ ನೋಡು, ಆಮೇಲೆ ಮುರಿ. ಉಡುಪಿಯ ಕಾಲೇಜಿನಲ್ಲಿದ್ದಾಗ ಈ ಒಂದು ಉಪಾಯದಿಂದ ಚರ್ಚಾಸ್ಪರ್ಧೆಯ ಫಲಕಗಳನ್ನು ಹೊತ್ತು ತಂದಿದ್ದೇನೆ. ಅದನ್ನು ಕಟ್ಟಿಕೊಂಡೇ ಎಂಬತ್ತರ ದಶಕದ ನಡುವಿನಲ್ಲಿ ಆ ಆಫೀಸಿನ ತಂಪು ಕೋಣೆಯೊಳಗೆ ಹೋದೆ.

ಕೋಣೆಯಲ್ಲಿ ಬಟ್ಟೆಯ ಕಪಾಟಿನಷ್ಟು ದೊಡ್ಡ ಒಂದು ಯಂತ್ರ, ಅದಕ್ಕೆ ಆರು ಟರ್ಮಿನಲ್. ಆರು ಮಂದಿ ಆರು ಪರದೆಗಳ ಮುಂದೆ ಕೂತರೂ ಒಳಗೆ ದುಡಿಯುವುದು ಆ ಒಂದೇ ಯಂತ್ರ. ಸುತ್ತಲಿನ ಶಾಲೆ ಕಾಲೇಜುಗಳ ಅಂಕಪಟ್ಟಿ ತಯಾರಿಸುವುದು ನಮ್ಮ ಮುಖ್ಯ ಕೆಲಸ. ಆಫೀಸಿನ ಮುಖ್ಯಸ್ಥರನ್ನು ನಾವು ಸರ್ ಎನ್ನುತ್ತಿದ್ದೆವು. ಸಣ್ಣ ದನಿಯವರು, ಯಾರಿಗೂ ಬೈದವರಲ್ಲ. ಗಾಜಿನ ಕ್ಯಾಬಿನ್ ಇದ್ದರೂ ಮಧ್ಯಾಹ್ನದ ಮೇಲೆ ಏಸಿಯ ಹತ್ತಿರದ ಮೂಲೆಯ ಟರ್ಮಿನಲ್ಲಿಗೆ ಬಂದು ಕೂರುತ್ತಿದ್ದರು. ಅದು ಅವರ ಕುರ್ಚಿ ಎಂದು ಯಾರೂ ಹೇಳಿರಲಿಲ್ಲ. ಆದರೆ ನಾವು ಯಾರೂ ಅಲ್ಲಿ ಕೂತದ್ದಿಲ್ಲ.

ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಪ್ರೋಗ್ರಾಮರ್ ಬೆಳ್ಮಣ್ಣಿನ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಮನೆಯವರು. ಕಾರ್ಕಳದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಖಾಯಂ ಕೆಲಸ ಬಿಟ್ಟು, ಪ್ರೋಗ್ರಾಮು ಬರೆಯುವುದನ್ನು ಕಲಿತು ಇಲ್ಲಿಗೆ ಬಂದಿದ್ದರು. ಶಾಲೆಯಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದು ಆಗಿತ್ತು. ಇಲ್ಲಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಈ ಬೇಸಿಗೆಯ ಫಲಿತಾಂಶ ಮುಗಿಯಲಿ, ನೋಡುವ" ಎಂದಿದ್ದರು ಸರ್. ಹಿಂದೆ ಹೋಗುವ ದಾರಿ ಮುಚ್ಚಿತ್ತು, ಮುಂದಿನದ್ದು ತೆರೆದಿರಲಿಲ್ಲ. ಅಂಥ ಸ್ಥಿತಿಯಲ್ಲೂ ಅವರ ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ನೀನು ದೇವರನ್ನೂ ನಂಬುವುದಿಲ್ಲ, ಬಸ್ಸಿನ ಬೋರ್ಡನ್ನೂ ನಂಬುವುದಿಲ್ಲ. ಮನೆ ಹೇಗೆ ಸೇರುತ್ತಿ ಮಾರಾಯ?"

"ಕಂಡಕ್ಟರನ್ನು ಕೇಳುತ್ತೇನೆ ಅಕ್ಕ."

"ಅವನನ್ನು ನಂಬುತ್ತೀಯಾ?"

"ಪಕ್ಕದ ಸೀಟಿನವರನ್ನೂ ಕೇಳುತ್ತೇನೆ."

"ಹಾಗಾದರೆ ನೀನು ಮದುವೆಯಾಗುವವಳ ಗತಿ ದೇವರೇ ನೋಡಬೇಕು. ನೀನು ನಂಬದ ದೇವರು."

ಬೆಳ್ಮಣ್ಣಿನಿಂದ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದ ಕಾರಣ ಕೋಣೆಯ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು. ಏಸಿ ಹಾಕಿ ಕೋಣೆ ತಣಿಯುವ ತನಕ ಕಾದು ಯಂತ್ರ ಚಾಲೂ ಮಾಡುವುದು, ಆಮೇಲೆ ಆರೂ ಟರ್ಮಿನಲ್ಲುಗಳನ್ನು ಒಂದೊಂದಾಗಿ ತೆರೆದಿಡುವುದು ಅವರ ಕ್ರಮ. ಮನೆಯಲ್ಲಿ ಮೊದಲು ಎದ್ದವರು ಎಲ್ಲರಿಗೂ ಬಿಸಿನೀರಿಗೆ ಬೆಂಕಿ ಹಾಕುವುದಿಲ್ಲವೆ, ಹಾಗೆ. ನಾವು ಬಂದು ಕುರ್ಚಿ ಎಳೆದು ಕೂತರೆ ಪರದೆ ಸಿದ್ಧ. ಅಂಕ ತುಂಬಿಸುವ ಕೆಲಸದ ಹುಡುಗರಲ್ಲಿ ಅರ್ಧ ಮಂದಿಗೆ ತಮ್ಮ ಪಾಸ್‌ವರ್ಡೇ ಮರೆತುಹೋಗಿತ್ತು. ಬೇಕಾಗಿಯೂ ಇರಲಿಲ್ಲ. ಯಾರ ಹೆಸರಿನಲ್ಲಿ ತೆರೆದದ್ದು ಎಂದು ಕೇಳಿದವರಿಲ್ಲ. ನಾನೂ ಕೇಳಿರಲಿಲ್ಲ.

ಏಪ್ರಿಲ್ ಬಂತು. ಮಣಿಪಾಲದ ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು, ಒಂದು ಹನಿ ಬೀಳುತ್ತಿರಲಿಲ್ಲ. ವೋಲ್ಟೇಜು ಇಳಿದಾಗಲೆಲ್ಲ ಸ್ಟೆಬಿಲೈಸರು ಗುರುಗುಟ್ಟುತ್ತಿತ್ತು. ಅದೇ ಹೊತ್ತಿಗೆ ಯಂತ್ರ ನಿಧಾನವಾಯಿತು. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನವಾಗುತ್ತಲೇ ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡಲು ಉಸಿರು ಹಿಡಿದು ಕಾಯಬೇಕು. ಡಿಸ್ಕಿನ ಪೆಟ್ಟಿಗೆಯ ಒಳಗಿನಿಂದ ಹಲ್ಲು ಕಡಿಯುವ ಹಾಗೆ ಸದ್ದು. ಅದರ ಕೆಂಪು ದೀಪ ಮೊದಲು ಮಿನುಗುತ್ತಿದ್ದದ್ದು ಈಗ ಆರುತ್ತಲೇ ಇರಲಿಲ್ಲ.

ಸದ್ದು ಯಾಕೆ ಎಂಬುದು ನಮಗೆ ಗೊತ್ತಿತ್ತು. ಯಂತ್ರದ ಮೆಮೊರಿ ಎಂದರೆ ಒಂದು ಸಣ್ಣ ಮೇಜು. ಒಬ್ಬರು ದೊಡ್ಡ ಕಡತ ಹರಡಿ ಕೂತರೆ ಉಳಿದವರ ಕಾಗದಗಳನ್ನು ಎತ್ತಿ ಡಿಸ್ಕೆಂಬ ಕಪಾಟಿನಲ್ಲಿಟ್ಟು, ಅವರ ಸರದಿ ಬಂದಾಗ ಮತ್ತೆ ಮೇಜಿಗೆ ತರಬೇಕು. ಹೊತ್ತು ಹೋಗುವುದು ಕೆಲಸಕ್ಕಲ್ಲ, ಈ ಎತ್ತಿಡುವುದಕ್ಕೆ. ಯಾರೋ ಒಬ್ಬರು ಮೇಜಿನ ತುಂಬ ಹರಡಿ ಕೂತಿದ್ದರು. ಯಾರು?

ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. "ನೀವು ಎಲ್ಲದಕ್ಕೂ ಪುರಾವೆ ಕೇಳುವವರು ಮಾರಾಯ್ರೇ. ಈಗ ನೀವೇ ಪುರಾವೆ ತನ್ನಿ. ಯಾರು ಎಷ್ಟು ತಿನ್ನುತ್ತಾರೆ ಎಂದು ಅಳೆಯಿರಿ. ಭಾರದ ಪ್ರೋಗ್ರಾಮು ಬರೆಯುವವರನ್ನು ಇಟ್ಟುಕೊಳ್ಳುವ ಶಕ್ತಿ ಈ ಯಂತ್ರಕ್ಕೂ ಇಲ್ಲ, ನಮಗೂ ಇಲ್ಲ."

ಕೊನೆಯ ಮಾತನ್ನು ಅವರು ಯಾವತ್ತಿನ ಸಣ್ಣ ದನಿಯಲ್ಲೇ ಹೇಳಿದರು. ಅದಕ್ಕೇ ಇರಬೇಕು, ಹೊರಗೆ ಬಂದ ಮೇಲೂ ಕಿವಿಯಲ್ಲಿ ಉಳಿಯಿತು. ಖಾಯಂ ಆಗಬೇಕಾಗಿದ್ದ ಪ್ರೋಗ್ರಾಮರ್ ಒಬ್ಬರೇ. ಅಕ್ಕ.

ಲೆಕ್ಕ ಇಡುವ ವ್ಯವಸ್ಥೆ ಯಂತ್ರದ ಒಳಗೇ ಇತ್ತು, ಯಾರೂ ಚಾಲೂ ಮಾಡಿರಲಿಲ್ಲ ಅಷ್ಟೆ. ಮಾಡಿದೆ. ಒಂದು ವಾರದ ಬಳಿಕ ಪ್ರಿಂಟರು ಹಾಳೆ ಹೊರಗೆ ಹಾಕಿತು. ಅಕ್ಕನ ಹೆಸರಿನ ಎದುರಿನ ಅಂಕಿ ಎಷ್ಟು ದೊಡ್ಡದೆಂದರೆ ಉಳಿದವರ ಸಾಲುಗಳ ಕಡೆ ಯಾರ ಕಣ್ಣೂ ಹೋಗಲಿಲ್ಲ. ಸರ್ ಹಾಳೆಯನ್ನು ಬಾಗಿಲ ಪಕ್ಕದ ಗೋಡೆಗೆ ಹಚ್ಚಿಸಿದರು.

ಆ ದಿನದಿಂದ ಕೋಣೆ ಬದಲಾಯಿತು. ಮಾತು ಕಡಿಮೆಯಾಯಿತು. ನಾನು ಹಿಂದೆ ಹಾದುಹೋದರೆ ಬೆನ್ನುಗಳು ಸೆಟೆಯುತ್ತಿದ್ದವು. ಅಂಕ ತುಂಬಿಸುವವರಲ್ಲಿ ಪೆರ್ಡೂರಿನ ಒಬ್ಬ ತಮಾಷೆಯವನಿದ್ದ, ಅವನೂ ಊಟದ ಹೊತ್ತಿಗೆ ಮಾತ್ರ ಬಾಯಿ ಬಿಡುತ್ತಿದ್ದ. ಅಕ್ಕ ಹಾಳೆಯ ಮುಂದೆ ಒಮ್ಮೆ ನಿಂತು ನೋಡಿದರು, "ನಾನು ಇಷ್ಟು ಹಸಿದವಳು ಅಂತ ನನಗೇ ಗೊತ್ತಿರಲಿಲ್ಲ" ಎಂದರು. ನಗು ಬರಲಿಲ್ಲ, ಅವರಿಗೂ. ಮರುದಿನವೂ ಮೊದಲ ಬಸ್ಸಿಗೆ ಬಂದು ಆರೂ ಪರದೆಗಳನ್ನು ತೆರೆದಿಟ್ಟರು.

ಎದುರಾಳಿಯ ವಾದವನ್ನು ನಾನು ಮಾವ ಹೇಳಿದ ಹಾಗೆ ಮೊದಲು ಚೆನ್ನಾಗಿ ಹೇಳಿ ನೋಡಿದೆ. ಅಕ್ಕನ ಪ್ರೋಗ್ರಾಮು ಸಾವಿರಾರು ವಿದ್ಯಾರ್ಥಿಗಳ ಅಂಕಗಳನ್ನು ಕ್ರಮಕ್ಕೆ ಜೋಡಿಸುತ್ತದೆ. ಮಧ್ಯಾಹ್ನ ಅದು ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ, ನಾವೇ ಕಾದಿದ್ದೇವೆ. ಹೊತ್ತು ಹಿಡಿಯುವುದು ಭಾರದ ಲಕ್ಷಣ. ವಾದ ಗಟ್ಟಿಯಾಗಿ ಕಾಣುತ್ತದೆ. ಆದರೆ ಅಕ್ಕಿ ಗಿರಣಿಗೆ ಹೋಗಿ ಬಂದವರಿಗೆ ಗೊತ್ತು: ಭತ್ತದ ಮೂಟೆ ಇಳಿಸಿ ಮಧ್ಯಾಹ್ನದ ತನಕ ಕೂತಿರುತ್ತೇವೆ, ನಮ್ಮ ಭತ್ತ ಗಿರಣಿಯೊಳಗೆ ಇರುವುದು ಸ್ವಲ್ಪವೇ ಹೊತ್ತು. ಉಳಿದದ್ದು ಸಾಲಿನಲ್ಲಿ ಕಾದದ್ದು. ಗೋಡೆಯ ಗಡಿಯಾರ ಹೇಳುವ ಹೊತ್ತು ಒಂದು, ಯಂತ್ರ ನಿಜವಾಗಿ ದುಡಿದ ಹೊತ್ತು ಇನ್ನೊಂದು. ಎರಡನ್ನೂ ಬೇರೆ ಬೇರೆ ಅಳೆಯಬೇಕು.

ಭಾನುವಾರ ಬೀಗದ ಕೈ ಕೇಳಿ ಪಡೆದು ಬಂದೆ. ಕೋಣೆಯಲ್ಲಿ ನಾನೊಬ್ಬನೇ, ಯಂತ್ರದಲ್ಲಿ ಬೇರೆ ಯಾವ ಕೆಲಸವೂ ಇಲ್ಲ. ಅಕ್ಕನ ಪ್ರೋಗ್ರಾಮನ್ನು ಅದೇ ಅಂಕಗಳ ಮೇಲೆ ಓಡಿಸಿದೆ. ಏಸಿಯ ಕೆಳಗೆ ಕಾಲು ಸರಿಯಾಗಿ ತಣಿಯುವ ಮೊದಲೇ ಮುಗಿಯಿತು. ಡಿಸ್ಕಿನ ಸದ್ದಿಲ್ಲ. ಮೇಜಿನ ಒಂದು ಮೂಲೆಯಷ್ಟೂ ಅದಕ್ಕೆ ಬೇಕಾಗಿರಲಿಲ್ಲ.

ಹಾಗಾದರೆ ಅವರ ಹೆಸರಿನ ಎದುರಿನ ಆ ದೊಡ್ಡ ಅಂಕಿ ಎಲ್ಲಿಂದ ಬಂತು?

ಸೋಮವಾರ ಬೆಳಿಗ್ಗೆ ಗೋಡೆಯ ಹಾಳೆಯಲ್ಲಿ ನನ್ನದೇ ಹೆಸರನ್ನು ಹುಡುಕಿದೆ. ಅಲ್ಲಿಯ ತನಕ ಯಾರೂ ಮೇಲಿನ ಸಾಲು ಬಿಟ್ಟು ಕೆಳಗೆ ನೋಡಿರಲಿಲ್ಲ. ನನ್ನ ಎದುರು ಸೊನ್ನೆ.

"ನಾನು ವಾರವಿಡೀ ಕೆಲಸ ಮಾಡಿದ್ದೇನಲ್ಲ?" ಎಂದೆ ಪೆರ್ಡೂರಿನವನಿಗೆ.

"ನಿನ್ನದು ಸರಿಯಾಗಿಯೇ ಉಂಟು. ಬಾಯಿ ಬಡಿಯುವುದು ಬಿಟ್ಟು ನಿನಗೆ ಬೇರೆ ಕೆಲಸ ಎಂತ ಉಂಟು ಮಾರಾಯ?"

"ನಿನ್ನದೂ ಸೊನ್ನೆಯೇ ಉಂಟು, ನೋಡು."

ಅವನು ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ.

ನಾನು ನನ್ನ ಟರ್ಮಿನಲ್ಲಿಗೆ ಹೋಗಿ ಕೂತೆ. ನಾನು ಯಾರು ಎಂದು ಕೇಳುವ ಆಜ್ಞೆಯೊಂದು ಆ ಯಂತ್ರದಲ್ಲಿತ್ತು. ಅಂಥ ಪ್ರಶ್ನೆಯನ್ನು ಯಾರಾದರೂ ಯಾಕೆ ಕೇಳುತ್ತಾರೆ ಎಂದು ನಾವು ನಕ್ಕದ್ದುಂಟು. ಅದನ್ನು ಟೈಪು ಮಾಡಿದೆ. ಉತ್ತರವಾಗಿ ಅಕ್ಕನ ಹೆಸರು ಬಂತು. ಈಗ ಯಾರೆಲ್ಲ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದೆ. ಆರು ಸಾಲುಗಳು ಮೂಡಿದವು, ಆರರಲ್ಲೂ ಅದೇ ಹೆಸರು. ತಲೆ ಎತ್ತಿ ನೋಡಿದರೆ ಸಾಲಾಗಿ ಬಗ್ಗಿದ ಬೆನ್ನುಗಳು, ಕೀಲಿಗಳ ಟಕಟಕ. ಯಂತ್ರದ ಕಣ್ಣಿಗೆ ಆ ಕೋಣೆಯಲ್ಲಿ ನಾವ್ಯಾರೂ ಇರಲಿಲ್ಲ. ನಾವೆಲ್ಲರೂ ಸೇರಿ ತಿಂದದ್ದು ಒಬ್ಬರ ಎಲೆಗೆ ಲೆಕ್ಕವಾಗುತ್ತಿತ್ತು.

ಊಟದ ಹೊತ್ತಿಗೆ ಅಕ್ಕನನ್ನು ಹೊರಗಿನ ಮೆಟ್ಟಿಲಿಗೆ ಕರೆದೆ. "ಅಕ್ಕ, ನಿಮ್ಮ ವೇಷದಲ್ಲಿ ನಾವೆಲ್ಲರೂ ಅರ್ಥ ಹೇಳುತ್ತಿದ್ದೇವೆ."

ಎಲ್ಲ ವಿವರಿಸಿದೆ. ಅವರು ಬುತ್ತಿಯ ಮುಚ್ಚಳವನ್ನು ಮತ್ತೆ ಹಾಕಿ ಕೈಯಲ್ಲೇ ಹಿಡಿದುಕೊಂಡರು.

"ಹಾಗಾದರೆ ನನ್ನ ಪ್ರೋಗ್ರಾಮು ಹಗುರ."

"ಹೌದು. ಇವತ್ತೇ ಸರ್‌ಗೆ ಹೇಳುವ."

"ಏನಂತ ಹೇಳುತ್ತಿ? ನಾನು ಎಲ್ಲರಿಗೂ ನನ್ನ ಹೆಸರು ಬಿಟ್ಟುಕೊಟ್ಟಿದ್ದೇನೆ ಅಂತಲಾ? ಬಾಗಿಲ ಮೇಲೆ ಎಂತ ಬರೆದು ಹಚ್ಚಿದ್ದಾರೆ, ಓದಿದ್ದೀಯಾ?"

ಓದಿದ್ದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡಕೂಡದು. ಯಂತ್ರ ಬಂದ ದಿನ ಹಚ್ಚಿದ್ದು, ದಿನವೂ ಅದರ ಕೆಳಗಿನಿಂದಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದೆವು.

"ಪ್ರೋಗ್ರಾಮು ಭಾರ ಅಂದರೆ ತಿದ್ದಿ ಕೊಡಬಹುದು ಮಾರಾಯ. ನಿಯಮ ಮುರಿದದ್ದನ್ನು ಹೇಗೆ ತಿದ್ದುವುದು? ನೀನು ವಾದದಲ್ಲಿ ಗೆಲ್ಲುತ್ತಿ, ನನ್ನ ಕೆಲಸ ಹೋಗುತ್ತದೆ."

ಸುಳ್ಳು ಆರೋಪದಿಂದ ಬಿಡಿಸಿಕೊಳ್ಳಲು ಇನ್ನೊಂದು ನಿಜವಾದ ಆರೋಪಕ್ಕೆ ತಲೆ ಕೊಡಬೇಕು. ಅಂಥ ವಿಷಯವನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಕೊಟ್ಟಿರಲಿಲ್ಲ.

ಆದರೂ ಒಂದು ದಾರಿ ಕಂಡಿತು. ಲೆಕ್ಕದಲ್ಲಿ ಹೆಸರಿನ ಜತೆಗೆ ಯಾವ ಟರ್ಮಿನಲ್ ಎಂಬುದೂ ದಾಖಲಾಗಿರುತ್ತದೆ. ಹೆಸರನ್ನು ಬಿಟ್ಟು ಕುರ್ಚಿಗಳ ಲೆಕ್ಕ ತೆಗೆದೆ. ಐದು ಕುರ್ಚಿಗಳದ್ದು ಹೆಚ್ಚು ಕಡಿಮೆ ಒಂದೇ ಅಳತೆ. ಮೂಲೆಯದ್ದು ಮಾತ್ರ, ಮಧ್ಯಾಹ್ನದ ಮೇಲೆ ಮಾತ್ರ, ಮೇಜಿನ ಮುಕ್ಕಾಲು ಪಾಲನ್ನು ಹಿಡಿದು ಕೂತಿತ್ತು. ಅಲ್ಲಿ ಓಡುತ್ತಿದ್ದ ಪ್ರೋಗ್ರಾಮಿನ ಹೆಸರು ಆಫೀಸಿನ ಯಾವ ಕೆಲಸದ್ದೂ ಆಗಿರಲಿಲ್ಲ. ಏನೋ ದೊಡ್ಡ ದೊಡ್ಡ ಕೋಷ್ಟಕಗಳನ್ನು ಅದು ಮತ್ತೆ ಮತ್ತೆ ಗುಣಿಸುತ್ತಿತ್ತು. ಯಾತಕ್ಕಾಗಿ ಎಂದು ನಾನು ಹೇಳಲಾರೆ. ಪುರಾವೆ ಇಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಅಕ್ಕನಿಗೆ ತೋರಿಸಿದೆ. ಅವರು ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ. "ಇದನ್ನು ಹಾಗೇ ಕೊಡು. ಕುರ್ಚಿಯ ಲೆಕ್ಕ ಅಂತ ಕೊಡು. ಯಾರು ಅಂತ ನೀನು ಹೇಳಬೇಡ. ಅವರಿಗೇ ಅರ್ಥವಾಗುತ್ತದೆ. ಅರ್ಥವಾದರೆ ನನ್ನನ್ನು ನನ್ನ ಪಾಡಿಗೆ ಬಿಡುತ್ತಾರೆ" ಎಂದರು.

ಇಬ್ಬರೂ ಕ್ಯಾಬಿನ್ನಿಗೆ ಹೋದೆವು. ಹೊರಗೆ ಹಗಲೇ ಕಪ್ಪಾಗಿತ್ತು, ಗುಡುಗು ಇರಲಿಲ್ಲ. ಮೊದಲು ಭಾನುವಾರದ ಅಳತೆಯನ್ನು ಸರ್ ಮುಂದೆ ಇಟ್ಟೆ, ಆಮೇಲೆ ಕುರ್ಚಿಗಳದ್ದನ್ನು. ಅವರು ಎರಡನ್ನೂ ಅವಸರವಿಲ್ಲದೆ ಓದಿದರು. ಎರಡನೆಯದನ್ನು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಯಂತ್ರದ ಲೆಕ್ಕ ಸುಳ್ಳು ಅನ್ನುತ್ತೀರಾ?"

"ಇಲ್ಲ ಸರ್. ನಾವು ಕೇಳಿದ್ದಕ್ಕೆ ಮಾತ್ರ ಅದು ಉತ್ತರ ಹೇಳಿದೆ."

"ಸರಿ. ಈ ಕುರ್ಚಿಗಳ ಹಾಳೆಯಲ್ಲಿ ಒಂದು ವಿಚಿತ್ರ ಉಂಟು." ದನಿ ಇನ್ನೂ ಸಣ್ಣದಾಗಿತ್ತು. "ಇವರು ಕೂರುವುದು ಕಿಟಕಿಯ ಹತ್ತಿರ. ಮೂಲೆಯ ಟರ್ಮಿನಲ್ಲಿನಲ್ಲಿ ಇವರ ಹೆಸರು ಹೇಗೆ ಬಂತು?"

ಸ್ಟೆಬಿಲೈಸರು ಗುರುಗುಟ್ಟಿತು, ದೀಪ ಮಂಕಾಗಿ ಮತ್ತೆ ಏರಿತು. ಆ ಪ್ರಶ್ನೆಯ ಉತ್ತರದ ಅರ್ಧ ಅಕ್ಕನ ಬಳಿ ಇತ್ತು, ಇನ್ನರ್ಧ ಕೇಳಿದವರ ಬಳಿಯೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದರು:

"ಬೆಳಿಗ್ಗೆ ನಾನೇ ಎಲ್ಲವನ್ನೂ ತೆರೆದಿಡುವುದು ಸರ್. ಎಲ್ಲರಿಗೂ ಅನುಕೂಲ ಆಗಲಿ ಅಂತ."

"ನಿಮ್ಮ ಹೆಸರಿನಲ್ಲಿ?"

"ಹೌದು ಸರ್."

"ಅಂದರೆ ಯಾರು ಬೇಕಾದರೂ ಬಂದು ಕೂತು, ಏನು ಬೇಕಾದರೂ ಮಾಡಬಹುದಿತ್ತು. ಮಕ್ಕಳ ಅಂಕ ತಿದ್ದಬಹುದಿತ್ತು." ಅವರು ಕನ್ನಡಕ ಹಾಕಿಕೊಂಡರು. "ಇದು ನಿಧಾನಕ್ಕಿಂತ ದೊಡ್ಡ ವಿಷಯ ಅಲ್ವಾ?"

ತಾಳಮದ್ದಳೆಯಲ್ಲಿ ಹಳಬರು ಹೀಗೆ ಮಾಡುವುದನ್ನು ಕಂಡಿದ್ದೇನೆ. ಸೋಲುತ್ತಿರುವ ಮಾತನ್ನು ಅವರು ಸಮರ್ಥಿಸುವುದೇ ಇಲ್ಲ, ಇನ್ನೊಂದನ್ನು ಎತ್ತಿ ಎದುರಾಳಿಯ ಮಡಿಲಿಗೆ ಹಾಕುತ್ತಾರೆ. ಸಭೆಗೆ ಗೊತ್ತಾಗುವುದಿಲ್ಲ. ಅಲ್ಲಿ ಸಭೆಯೂ ಇರಲಿಲ್ಲ. "ಸರ್, ಆ ಕುರ್ಚಿಯಲ್ಲಿ" ಎಂದು ನಾನು ಶುರು ಮಾಡಿದೆ.

"ಸಾಕು ಮಾರಾಯ" ಎಂದರು ಅಕ್ಕ, ನನ್ನ ಕಡೆ ನೋಡದೆ. ಇನ್ನೂ ಅವರಿಗೆ ಆಸೆ ಇತ್ತು.

ಫಲಿತಾಂಶದ ಕೆಲಸ ಮುಗಿದ ಮೇಲೆ ಅವರನ್ನು ಮುಂದುವರಿಸಲಿಲ್ಲ. ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. "ಏಸಿ ಹಾಕಿದ ಕೂಡಲೇ ಯಂತ್ರ ಹಾಕಬೇಡ, ತಣಿಯಲಿ" ಎಂದಷ್ಟೇ ಹೇಳಿದರು. ಈಗ ಕಾರ್ಕಳದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಾರೆ.

ಮರುದಿನ ಬಾಗಿಲು ತೆರೆದವನು ನಾನು. ಯಾವ ಟರ್ಮಿನಲ್ಲನ್ನೂ ತೆರೆದಿಡಲಿಲ್ಲ. ಬಂದವರೆಲ್ಲ ಗೊಣಗುತ್ತ ತಮ್ಮ ತಮ್ಮ ಹೆಸರು ಹಾಕಿಕೊಂಡರು, ಪಾಸ್‌ವರ್ಡ್ ಮರೆತವರು ಹೊಸದು ಮಾಡಿಸಿಕೊಂಡರು. ಮಧ್ಯಾಹ್ನ ಸರ್ ಬಂದು ಮೂಲೆಯಲ್ಲಿ ಕೂತರು. ಆ ದಿನ ಯಂತ್ರ ಗಾಳಿಯ ಹಾಗೆ ಓಡಿತು. ಮರುದಿನವೂ ಓಡಿತು. "ನೋಡಿದ್ರಾ?" ಎಂದರು ಎಲ್ಲರೂ. ಕಥೆ ಹುಟ್ಟಿದ್ದು ಆಗ.

ಮೊನ್ನೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಸರ್ ಸಿಕ್ಕಿದರು. ಹೆಬ್ರಿಗೆ ಹೋಗುವವರಂತೆ, ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಆ ಆಫೀಸು ಬಿಟ್ಟು ಆಗಿತ್ತು. ಹೇಗಿದ್ದೀರಿ ಎಂದು ಸಣ್ಣ ದನಿಯಲ್ಲಿ ವಿಚಾರಿಸಿದರು, ಇನ್ನೂ ವಾದ ಮಾಡುತ್ತೀರಾ ಮಾರಾಯ್ರೇ ಎಂದು ನಕ್ಕರು. ಅವರ ಪರವಾದ ವಾದವನ್ನು ನಾನು ವರ್ಷಗಳಿಂದ ನನ್ನೊಳಗೇ ಹೇಳಿಕೊಂಡಿದ್ದೇನೆ: ನಮ್ಮೆಲ್ಲರ ಹಾಗೆ ಅವರೂ ತೆರೆದಿದ್ದ ಪರದೆಯ ಮುಂದೆ ಸುಮ್ಮನೆ ಕೂತರು, ಯಾರ ಹೆಸರು ಎಂದು ನೋಡಲಿಲ್ಲ, ತನ್ನದೇ ಭಾರ ಎಂದು ಹೊಳೆಯಲಿಲ್ಲ. ಸಾಧ್ಯ ಉಂಟು. ನನಗೂ ಹೊಳೆದಿರಲಿಲ್ಲವಲ್ಲ. ಒಂದು ಸಣ್ಣ ಸಂಗತಿ ಇಲ್ಲದಿದ್ದರೆ ಆ ವಾದವನ್ನು ನಾನೇ ಒಪ್ಪುತ್ತಿದ್ದೆ. ಅಷ್ಟರಲ್ಲಿ ಹೆಬ್ರಿಯ ಬಸ್ಸು ಒಳಗೆ ತಿರುಗಿತು. ಅವರು ಚೀಲ ಎತ್ತಿಕೊಂಡರು. ನಾನು ಕೇಳಿದೆ:

"ಸರ್, ಅಕ್ಕ ಹೋದ ಮರುದಿನ ಮೂಲೆಯ ಟರ್ಮಿನಲ್ ನಿಮ್ಮ ಹೆಸರು ಕೇಳಿತು. ನೀವು ಅದರ ಮುಂದೆ ತುಂಬಾ ಹೊತ್ತು ಕೂತಿರಿ, ಏನೂ ಟೈಪು ಮಾಡದೆ ಎದ್ದುಹೋದಿರಿ, ಮತ್ತೆ ಯಾವತ್ತೂ ಅಲ್ಲಿ ಕೂರಲಿಲ್ಲ. ಯಾಕೆ ಸರ್?"